ಕಾಣದ ಅಂಗಡಿಯ ಕೈಗಡಿಯಾರ

ಕೈಗಡಿಯಾರವೆಂಬುದು ವಿಚಿತ್ರವಾದ ಸರಕು. ಅಕ್ಕಿ ಕೊಳ್ಳುವಾಗ ನಾವು ನಾಲ್ಕು ಕಾಳು ಬಾಯಿಗೆ ಹಾಕಿ ನೋಡುತ್ತೇವೆ. ಬೆಲ್ಲವನ್ನು ಮುರಿದು ನೋಡುತ್ತೇವೆ. ಸೀರೆಯ ಸೆರಗನ್ನು ಬೆರಳುಗಳ ನಡುವೆ ಹಿಡಿದು ಉಜ್ಜಿ ನೋಡುತ್ತೇವೆ. ವಾಚನ್ನು ಹಾಗೆ ಪರೀಕ್ಷಿಸುವುದಕ್ಕಾಗುವುದಿಲ್ಲ. ಅದರ ಹೊಟ್ಟೆಯೊಳಗೆ ಏನಿದೆಯೆಂದು ತೆರೆದು ನೋಡಬಲ್ಲವರು ಊರಿಗೊಬ್ಬರು ಸಿಕ್ಕಿದರೆ ಹೆಚ್ಚು. ಕೊಂಡ ದಿನ ಒಳ್ಳೆಯ ವಾಚೂ ಕೆಟ್ಟ ವಾಚೂ ಒಂದೇ ಗಂಟೆಯನ್ನು ತೋರಿಸುತ್ತವೆ. ಆದುದರಿಂದ ವಾಚು ಕೊಳ್ಳುವವರು ಮೊದಲು ಕೊಳ್ಳುವುದು ಮಾರುವವನ ಮಾತನ್ನು, ವಾಚು ಆಮೇಲಿನದು.

ನಮ್ಮ ಹಿರಿಯರ ಕಾಲದಲ್ಲಿ ಆ ಮಾತಿಗೆ ಸಾಕ್ಷಿಗಳಿದ್ದರು. 1961ರಲ್ಲಿ ಜಪಾನಿನ ಸಿಟಿಜನ್ ಕಂಪೆನಿಯ ಸಹಕಾರದಿಂದ ಬೆಂಗಳೂರಿನಲ್ಲಿ ಎಚ್.ಎಂ.ಟಿ. ಕೈಗಡಿಯಾರಗಳ ತಯಾರಿ ಆರಂಭವಾಯಿತು. ದಿನಕ್ಕೊಮ್ಮೆ ಕೀಲಿ ಕೊಡಬೇಕಾದ 'ಜನತಾ' ವಾಚು ನಮ್ಮ ಕಡೆಯ ಎಷ್ಟೋ ಮಂದಿ ಅಧ್ಯಾಪಕರ, ಗುಮಾಸ್ತರ, ಮದುವೆಯ ಗಂಡುಗಳ ಕೈಯನ್ನೇರಿತು. 1984ರಲ್ಲಿ, ಅಂದರೆ ನಮ್ಮ ಕಾಸರಗೋಡು ಪ್ರತ್ಯೇಕ ಜಿಲ್ಲೆಯಾದ ವರ್ಷವೇ, ಟಾಟಾ ಸಂಸ್ಥೆಯೂ ತಮಿಳುನಾಡಿನ ಕೈಗಾರಿಕಾ ಅಭಿವೃದ್ಧಿ ನಿಗಮವೂ ಕೂಡಿ ಟೈಟಾನ್ ಕಂಪೆನಿಯನ್ನು ಸ್ಥಾಪಿಸಿದವು. ಅದರ ಕಾರ್ಖಾನೆ ಎದ್ದದ್ದು ಹೊಸೂರಿನಲ್ಲಿ. ಹೊಸೂರೆಂದರೆ ನಮ್ಮಂತೆಯೇ ಗಡಿಯಾಚೆ ಉಳಿದ ಕನ್ನಡಿಗರ ಸೀಮೆ. ಇವುಗಳ ಜೊತೆಗೆ ಗಲ್ಫಿಗೆ ಹೋದವರು ರಜೆಯಲ್ಲಿ ಬರುವಾಗ ಕಟ್ಟಿಕೊಂಡು ಬರುತ್ತಿದ್ದ ಸೀಕೊ, ಸಿಟಿಜನ್ ವಾಚುಗಳು ಬೇರೆ. ತಂದವನು ನಮ್ಮ ನೆರೆಯವನು, ಮಾರಿದವನು ಪೇಟೆಯ ಪರಿಚಿತ ಅಂಗಡಿಯವನು, ಕೆಟ್ಟರೆ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ನೋಡುವವನು ಬಸ್‌ಸ್ಟ್ಯಾಂಡಿನ ಪಕ್ಕದ ರಿಪೇರಿಯವನು. ಈ ಮೂವರಲ್ಲಿ ಒಬ್ಬನಾದರೂ ನಮ್ಮ ಪಾಲಿಗೆ ಸಾಕ್ಷಿ ನುಡಿಯುತ್ತಿದ್ದ.

ಹಾಗೆಂದು ಆಗ ಮೋಸ ಇರಲಿಲ್ಲವೆಂದಲ್ಲ. ಜಾತ್ರೆಯ ಗದ್ದಲದಲ್ಲಿ 'ದುಬೈಯ ಮಾಲು' ಎಂದು ಪಿಸುಗುಟ್ಟಿ ನಕಲಿ ವಾಚನ್ನು ದಾಟಿಸುವವರು ಅಂದೂ ಇದ್ದರು. ಆದರೆ ಅವರಿಗೊಂದು ಮುಖವಿತ್ತು. ಮರುವರ್ಷದ ಜಾತ್ರೆಯಲ್ಲಿ ಹುಡುಕಿದರೆ ಸಿಕ್ಕಿದರೂ ಸಿಕ್ಕಾನು ಎಂಬ ಭಯ ಅವರಿಗೂ, ಆಸೆ ನಮಗೂ ಇತ್ತು.

ಈಗ ಅಂಗಡಿಯೇ ಫೋನಿನೊಳಗೆ ಬಂದು ಕುಳಿತಿದೆ. ಗಾಜಿನ ಮೇಲೆ ಬೆರಳಾಡಿಸಿದರೆ ಸಾವಿರ ವಾಚುಗಳು ಸಾಲಾಗಿ ನಿಲ್ಲುತ್ತವೆ. ಮಾರುವವನ ಮುಖವಿಲ್ಲ, ಗಲ್ಲೆಯಿಲ್ಲ, ಪಕ್ಕದ ಅಂಗಡಿಯವನನ್ನು ಕರೆದು "ಇವ ಹೇಗೆ ಮಾರಾಯ್ರೇ?" ಎಂದು ಕೇಳುವ ಹಾಗಿಲ್ಲ. ಇಂಥ ಅಂಗಡಿಯನ್ನು ನಂಬುವುದು ಹೇಗೆ, ನಂಬದಿರುವುದು ಹೇಗೆ ಎಂಬುದನ್ನು ಮಕ್ಕಳ ಮುಂದೆಯೂ ಅವರ ತಂದೆತಾಯಿಯರ ಮುಂದೆಯೂ ಇಡುವ ಸಲುವಾಗಿ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇವೆ.

ನಮ್ಮ ತಂಗಿಯ ಮಗಳು ಎಸ್.ಎಸ್.ಎಲ್.ಸಿ.ಯಲ್ಲಿ ಎಲ್ಲ ವಿಷಯಗಳಲ್ಲಿಯೂ ಎ ಪ್ಲಸ್ ಪಡೆದು ಪ್ಲಸ್ ಒನ್ನಿಗೆ ಸೇರಿದಳು. ತರಗತಿಗೆ ಫೋನು ಕೊಂಡುಹೋಗುವಂತಿಲ್ಲ, ಬಸ್ಸೋ ಗಂಟೆಗೊಂದು. ಆಕೆಗೆ ವಾಚು ಬೇಕಾದುದು ಶೋಕಿಗಲ್ಲ. ತಂಗಿ ಬೀಡಿ ಕಟ್ಟಿ, ಮನೆಖರ್ಚು ಕಳೆದು, ಕುಟುಂಬಶ್ರೀ ಸಂಘದಲ್ಲಿ ವಾರವಾರ ಇಟ್ಟು ಸಾವಿರದ ಐನೂರು ರೂಪಾಯಿ ಕೂಡಿಸಿದ್ದಳು. ಒಂದು ದಿನ ಸಂಜೆ ತಾಯಿ ಮಗಳಿಬ್ಬರೂ ಫೋನು ಹಿಡಿದುಕೊಂಡು ನಮ್ಮಲ್ಲಿಗೆ ಬಂದರು.

"ಮಾವ, ಈ ವಾಚು ನೋಡಿ. ಹನ್ನೆರಡು ಸಾವಿರದ್ದು ಒಂದೂವರೆ ಸಾವಿರಕ್ಕೆ ಕೊಡ್ತಾರಂತೆ. ಇವತ್ತು ಮಾತ್ರ ಅಂತೆ" ಎಂದಳು ಹುಡುಗಿ. ಅವಳ ಕಣ್ಣು ಫೋನಿನಿಂದ ಮೇಲೇಳಲಿಲ್ಲ.

"ನೀವೊಮ್ಮೆ ಓದಿ ಹೇಳಿ ಅಣ್ಣ. ಆ ಇಂಗ್ಲಿಷು ನನಗೆ ಗೊತ್ತಾಗುವುದಿಲ್ಲ. ಈ ದುಡ್ಡು ಹೋದರೆ ಇನ್ನು ಬರುವ ಓಣಂ ರಜೆಯವರೆಗೆ ಬೇರೆ ದುಡ್ಡು ಇಲ್ಲ" ಎಂದಳು ತಂಗಿ.

ನಮ್ಮ ಮನಸ್ಸಿನಲ್ಲಿ ಆ ಹೊತ್ತಿಗೆ ನಮ್ಮೂರಿನ ಇನ್ನೊಂದು ಮನೆಯ ಸಂಗತಿ ಹಸಿಯಾಗಿಯೇ ಇತ್ತು. ಆ ಮನೆಯವರ ಹೆಸರು ಇಲ್ಲಿ ಬೇಡ. ಕಾಲೇಜಿಗೆ ಹೋಗುವ ಹುಡುಗ ಅಪ್ಪನಿಗೆಂದು ಎರಡು ಸಾವಿರ ರೂಪಾಯಿ ಕಳುಹಿಸಿ ಇಂಥದೇ ಒಂದು ಅಂಗಡಿಯಿಂದ ವಾಚು ತರಿಸಿದ. ಬಂದ ಪೆಟ್ಟಿಗೆಯಲ್ಲಿ ಇದ್ದುದು ಮಕ್ಕಳಾಡುವ ಪ್ಲಾಸ್ಟಿಕ್ಕಿನ ವಾಚು. ಅಂಗಡಿಯ ನಂಬರಿಗೆ ಫೋನು ಮಾಡಿದ. ಆ ಕಡೆಯಿಂದ ಮಾತನಾಡಿದವನು ಬಹಳ ಮರ್ಯಾದೆಯಿಂದ, "ಹಣ ವಾಪಸು ಕೊಡುತ್ತೇವೆ, ನಾವು ಕಳುಹಿಸುವ ಚೌಕದ ಚಿತ್ರವನ್ನು ಸ್ಕ್ಯಾನ್ ಮಾಡಿ ನಿಮ್ಮ ಪಿನ್ ಒತ್ತಿ" ಎಂದ. ಹುಡುಗ ಒತ್ತಿದ. ಅಡಿಕೆ ಮಾರಿ ಬ್ಯಾಂಕಿನಲ್ಲಿಟ್ಟಿದ್ದ ಒಂಬತ್ತು ಸಾವಿರ ರೂಪಾಯಿ ಅದರ ಹಿಂದೆಯೇ ಹೊರಟುಹೋಯಿತು. ಕೊಟ್ಟವ ಕೋಡಂಗಿ, ಇಸಕೊಂಡವ ಈರಭದ್ರ! ಇದಕ್ಕಿಂತ ದುಃಖದ ಸಂಗತಿಯೆಂದರೆ ಹುಡುಗ ಹೆದರಿ ಎರಡು ವಾರ ಮನೆಯಲ್ಲಿ ಬಾಯಿ ಬಿಡಲಿಲ್ಲ. ಸರಿಯಾಗಿ ಊಟ ಮಾಡಲಿಲ್ಲ. ಅಪ್ಪನಿಗೆ ತಿಳಿದದ್ದು ಗೊಬ್ಬರಕ್ಕೆ ಹಣ ತೆಗೆಯಲು ಬ್ಯಾಂಕಿಗೆ ಹೋದಾಗ. ಅಷ್ಟರಲ್ಲಿ ಆ ಹಣ ಯಾವ ಯಾವ ಖಾತೆಗಳನ್ನು ದಾಟಿ ಎಲ್ಲಿಗೆ ಹೋಯಿತೋ, ಪೋಲೀಸರಿಗೂ ಹಿಡಿಯಲಾಗಲಿಲ್ಲ.

ಆದುದರಿಂದ ತಂಗಿಯ ಮಗಳಿಗೆ 'ಬೇಡ' ಎಂದು ಒಂದೇ ಮಾತಿನಲ್ಲಿ ಹೇಳಿ ಕಳುಹಿಸುವುದು ನಮಗೆ ಸರಿಯೆನಿಸಲಿಲ್ಲ. ಬೇಡವೆಂದರೆ ಇಂದು ಬಿಡುತ್ತಾಳೆ. ನಾಳೆ ನಾವಿಲ್ಲದಾಗ ಇನ್ನೊಂದು ಅಂಗಡಿ ಬರುತ್ತದೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಗಾದೆಯುಂಟಷ್ಟೆ. ಆ ಪ್ರಮಾಣಿಸುವ ಕೆಲಸವನ್ನು ಆಕೆಯ ಕೈಯಿಂದಲೇ ಮಾಡಿಸುವುದೆಂದು ನಿಶ್ಚಯಿಸಿ, ಮೂವರೂ ಜಗಲಿಯಲ್ಲಿ ಕುಳಿತೆವು.

ಮೊದಲು ಬೆಲೆ. ಪುಟದಲ್ಲಿ 11,995 ರೂಪಾಯಿಯನ್ನು ಗೀಟು ಹಾಕಿ ಹೊಡೆದು, ಕೆಳಗೆ 1,499 ಎಂದು ಬರೆದಿತ್ತು. "ಎಷ್ಟನೆಯ ಒಂದು ಪಾಲು?" ಎಂದು ಕೇಳಿದೆವು. ಲೆಕ್ಕದಲ್ಲಿ ಚುರುಕಾದ ಹುಡುಗಿ. "ಎಂಟನೆಯ ಒಂದು ಪಾಲು" ಎಂದಳು. ವಾಚು ತಯಾರಿಸಿದ ಕಂಪೆನಿಯ ಸ್ವಂತ ಜಾಲತಾಣವನ್ನು ತೆರೆಸಿ ನೋಡಿಸಿದೆವು. ಅದೇ ವಾಚು, ಅದೇ ಮಾದರಿ ಸಂಖ್ಯೆ. ಅಲ್ಲಿ ರಿಯಾಯಿತಿ ಕಳೆದೂ ಒಂಬತ್ತು ಸಾವಿರದ ಮೇಲಿತ್ತು. ತಯಾರಿಸಿದವನೇ ಒಂಬತ್ತು ಸಾವಿರಕ್ಕೆ ಮಾರುವುದನ್ನು ನಡುವಿನವನೊಬ್ಬ ಒಂದೂವರೆ ಸಾವಿರಕ್ಕೆ ಮಾರಬೇಕಾದರೆ ಮೂರೇ ದಾರಿ: ಅದು ನಕಲಿಯಾಗಿರಬೇಕು, ಕದ್ದದ್ದಾಗಿರಬೇಕು, ಇಲ್ಲವೇ ವಾಚೇ ಇಲ್ಲದಿರಬೇಕು. ಹಬ್ಬದ ಕಾಲದಲ್ಲಿ ನೂರಕ್ಕೆ ಇಪ್ಪತ್ತು, ಮೂವತ್ತು, ಹಳೆಯ ಮಾದರಿಗೆ ಐವತ್ತರವರೆಗೂ ಕಡಿಮೆಯಾಗುವುದುಂಟು. ಎಂಟನೆಯ ಒಂದು ಪಾಲಾಗುವುದು ವ್ಯಾಪಾರವಲ್ಲ.

ಎರಡನೆಯದು ವಿಳಾಸ. ಪುಟದ ನೆತ್ತಿಯ ಮೇಲಿನ ಇಂಗ್ಲಿಷು ವಿಳಾಸದಲ್ಲಿ ಹೆಸರಾಂತ ಕಂಪೆನಿಯ ಹೆಸರೇ ಇತ್ತು. "ನೋಡಿ ಮಾವ, ಕಂಪೆನಿಯದ್ದೇ!" ಎಂದಳು. ಅಂಚೆಯ ವಿಳಾಸವನ್ನು ನೆನಪಿಸಿದೆವು. ಮೊದಲ ಸಾಲಿನಲ್ಲಿ 'ಶ್ರೀನಿಲಯ' ಎಂದು ಯಾರು ಬೇಕಾದರೂ ಬರೆದುಕೊಳ್ಳಬಹುದು. ಊರಿಗೆ ಹತ್ತು ಶ್ರೀನಿಲಯಗಳಿರುತ್ತವೆ. ಕಾಗದ ಎಲ್ಲಿಗೆ ಹೋಗುತ್ತದೆಂದು ತೀರ್ಮಾನವಾಗುವುದು ಕೊನೆಯ ಸಾಲುಗಳಿಂದ. ಜಾಲದ ವಿಳಾಸವೂ ಹಾಗೆಯೇ. ಅದನ್ನು ಹಿಂದಿನಿಂದ ಓದಬೇಕು. ಕೊನೆಯ 'ಡಾಟ್ ಕಾಮ್', 'ಡಾಟ್ ಇನ್', 'ಡಾಟ್ ಕೋ ಡಾಟ್ ಇನ್' ಇವುಗಳಿಗೆ ತಾಗಿಕೊಂಡು ಮುಂಚೆ ಇರುವ ಪದ ಯಾವುದೋ ಅದೇ ನಿಜವಾದ ಯಜಮಾನನ ಹೆಸರು. ನಮ್ಮ ಮುಂದಿದ್ದ ವಿಳಾಸದಲ್ಲಿ ಕಂಪೆನಿಯ ಹೆಸರಿನ ಬಾಲಕ್ಕೆ ಅಡ್ಡಗೆರೆಯೊಂದನ್ನು ಎಳೆದು 'ಬಿಗ್ ಸೇಲ್' ಎಂದು ಅಂಟಿಸಲಾಗಿತ್ತು. ಅಂದರೆ ಅದು ಬೇರೆಯೇ ಮನೆ. ಪಕ್ಕದಲ್ಲಿದ್ದ ಬೀಗದ ಚಿತ್ರವನ್ನು ಹುಡುಗಿ ತೋರಿಸಿದಳು. ಆ ಬೀಗದ ಅರ್ಥ ಲಕೋಟೆಗೆ ಗೋಂದು ಹಚ್ಚಿದೆ, ದಾರಿಯಲ್ಲಿ ಯಾರೂ ಒಡೆದು ಓದಲಾರರು ಎಂದಷ್ಟೆ. ಲಕೋಟೆಯನ್ನು ಪಡೆಯುವವನು ಸಜ್ಜನನೆಂದು ಅದು ಹೇಳುವುದಿಲ್ಲ.

ಮೂರನೆಯದು ವಯಸ್ಸು. ಪುಟದ ಕೆಳಗೆ '1998ರಿಂದ ನಿಮ್ಮ ಸೇವೆಯಲ್ಲಿ' ಎಂಬ ಅರ್ಥದ ಮಾತಿತ್ತು. ಜಾಲದ ವಿಳಾಸಗಳು ಯಾವಾಗ ದಾಖಲಾದವು ಎಂಬುದನ್ನು ಯಾರೂ ದುಡ್ಡು ಕೊಡದೆ ನೋಡಬಹುದು. 'ಹೂ ಈಸ್' ಎಂದು ಆ ಹುಡುಕಾಟಕ್ಕೆ ಹೆಸರು. ಹುಡುಕಿಸಿದೆವು. ಇಪ್ಪತ್ತೆರಡು ದಿನಗಳ ಹಿಂದೆ ಹುಟ್ಟಿದ ವಿಳಾಸ! ಹೊಸ ಅಂಗಡಿಯಾದುದು ತಪ್ಪಲ್ಲ. ಎಲ್ಲ ಅಂಗಡಿಗಳೂ ಒಂದು ದಿನ ಹೊಸತಾಗಿದ್ದವೇ. ಆದರೆ ತಿಂಗಳು ತುಂಬದ ಕೂಸು ತನಗೆ ಮೀಸೆ ಬಂದಿದೆಯೆಂದು ಹೇಳಿಕೊಂಡರೆ ಅನುಮಾನಿಸಬೇಕು.

ನಾಲ್ಕನೆಯದು ಗುರುತು. ನಮ್ಮ ದೇಶದಲ್ಲಿ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಅಡಿಯಲ್ಲಿ 2020ರಲ್ಲಿ ಜಾಲದ ವ್ಯಾಪಾರಕ್ಕೆಂದೇ ನಿಯಮಗಳು ಬಂದಿವೆ. ಅಂಗಡಿಯ ಕಾನೂನುಬದ್ಧ ಹೆಸರು, ಮುಖ್ಯ ಕಚೇರಿಯ ವಿಳಾಸ, ಗ್ರಾಹಕರು ಕರೆಯಬಹುದಾದ ಫೋನ್ ಸಂಖ್ಯೆ, ದೂರು ಕೇಳುವ ಅಧಿಕಾರಿಯ ಹೆಸರು ಇವನ್ನೆಲ್ಲ ಸ್ಪಷ್ಟವಾಗಿ ಕಾಣಿಸಬೇಕು. ಆ ಅಧಿಕಾರಿ ದೂರು ಬಂದ 48 ಗಂಟೆಗಳೊಳಗೆ 'ಬಂದಿದೆ' ಎಂದು ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕು. ನಮ್ಮ ಅಂಗಡಿಯಲ್ಲಿ ಅಧಿಕಾರಿಯ ಹೆಸರಿರಲಿಲ್ಲ. ಬೆಂಗಳೂರಿನ ಒಂದು ವಿಳಾಸವೂ ಜಿ.ಎಸ್.ಟಿ. ಸಂಖ್ಯೆಯೂ ಇತ್ತು. "ಹಾಗಾದರೆ ಸರಿಯಲ್ಲವಾ?" ಎಂದಳು ತಂಗಿ, ಆಸೆಯಿಂದ.

ಜಿ.ಎಸ್.ಟಿ. ಸಂಖ್ಯೆಯಲ್ಲಿ ಅಕ್ಷರ ಅಂಕಿಗಳು ಸೇರಿ ಹದಿನೈದು ಸ್ಥಾನಗಳು. ಮೊದಲ ಎರಡು ರಾಜ್ಯದ ಗುರುತು: ಕರ್ನಾಟಕಕ್ಕೆ 29, ಕೇರಳಕ್ಕೆ 32, ತಮಿಳುನಾಡಿಗೆ 33. ಮುಂದಿನ ಹತ್ತು ಪಾನ್ ಸಂಖ್ಯೆ. ಹುಡುಗಿ ಎಣಿಸಿದಳು, ಹದಿನೈದು ಸರಿಯಾಗಿತ್ತು, 29 ಸರಿಯಾಗಿತ್ತು. ಮರುದಿನ ಬೆಳಿಗ್ಗೆ ಪೇಟೆಯ ಅಕ್ಷಯ ಕೇಂದ್ರದಲ್ಲಿ ಸರಕಾರದ ಜಿ.ಎಸ್.ಟಿ. ಜಾಲತಾಣವನ್ನು ತೆರೆಸಿ ಆ ಸಂಖ್ಯೆಯನ್ನು ಕೊಟ್ಟೆವು. ಸಂಖ್ಯೆ ನಿಜವಾದುದೇ. ಆದರೆ ಅದು ಬಟ್ಟೆಯ ವ್ಯಾಪಾರಿಯೊಬ್ಬರದು, ಹೆಸರೂ ಬೇರೆ, ವಿಳಾಸವೂ ಬೇರೆ. ಯಾರದೋ ಮನೆಯ ನಂಬರನ್ನು ತನ್ನ ಬಾಗಿಲಿಗೆ ಬರೆದುಕೊಂಡ ಹಾಗೆ ಅದನ್ನು ಎರವಲು ತಂದಿದ್ದರು. ಮುದ್ರೆ ಇದ್ದರೆ ಸಾಲದು, ಅದು ಯಾರ ಮುದ್ರೆಯೆಂದೂ ನೋಡಬೇಕೆಂದು ತಂಗಿಗೆ ತಿಳಿದುದು ಆಗ.

ಐದನೆಯದು ಅವಸರ. ಪುಟದ ನೆತ್ತಿಯಲ್ಲಿ ಒಂದು ಗಡಿಯಾರ ಹಿಂದಕ್ಕೆ ಓಡುತ್ತಿತ್ತು: ಹತ್ತು ನಿಮಿಷ, ಒಂಬತ್ತು ನಿಮಿಷ, ಎಂಟು ನಿಮಿಷ. 'ಎರಡೇ ವಾಚು ಉಳಿದಿವೆ' ಎಂದು ಕೆಂಪಿನಲ್ಲಿ ಮಿನುಗುತ್ತಿತ್ತು. ಹುಡುಗಿಯ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. "ಪುಟವನ್ನು ಮುಚ್ಚಿ ಮತ್ತೆ ತೆರೆ" ಎಂದೆವು. ತೆರೆದಳು. ಗಡಿಯಾರ ಮತ್ತೆ ಹತ್ತು ನಿಮಿಷದಿಂದ ಆರಂಭಿಸಿತು. ಮರುದಿನ ನೋಡಿದಾಗಲೂ ಹತ್ತೇ ನಿಮಿಷ, ಎರಡೇ ವಾಚು. ವಾಚು ಮಾರುವವನ ಗಡಿಯಾರವೇ ಸುಳ್ಳು ಹೇಳಿತು! ಹುಡುಗಿ ನಕ್ಕಳು, ಆ ನಗುವಿನಲ್ಲಿ ಅವಳ ಅರ್ಧ ಮೋಹ ಇಳಿಯಿತೆಂದು ತೋರುತ್ತದೆ. ಇಂಥ ಸುಳ್ಳು ಅವಸರವನ್ನು ಸೇರಿಸಿ ಹದಿಮೂರು ಬಗೆಯ ತಂತ್ರಗಳನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರಿನಲ್ಲಿ ನಿಷೇಧಿಸಿದೆ.

ಆರನೆಯದು ಹೊಗಳಿಕೆ. ಕೆಳಗೆ ಕೊಂಡವರ ಅಭಿಪ್ರಾಯಗಳು ನೂರಾರು ಇದ್ದವು, ಎಲ್ಲವೂ ಐದು ನಕ್ಷತ್ರದವು. ಓದುತ್ತ ಹೋದಂತೆ ಒಂದೇ ವಾಕ್ಯ ಬೇರೆ ಬೇರೆ ಹೆಸರುಗಳಲ್ಲಿ ಬಂತು. ತಾರೀಕುಗಳೆಲ್ಲ ಎರಡೇ ದಿನಗಳವು. ನಿಜವಾಗಿ ವಾಚು ಕೊಂಡವರು ಹಾಗೆ ಬರೆಯುವುದಿಲ್ಲ. ಒಬ್ಬರು ಪಟ್ಟಿ ಬಿಗಿಯಾಯಿತೆನ್ನುತ್ತಾರೆ, ಇನ್ನೊಬ್ಬರು ಮೂರು ದಿನ ತಡವಾಯಿತೆನ್ನುತ್ತಾರೆ, ಮತ್ತೊಬ್ಬರು ಬಣ್ಣ ಚಿತ್ರದಷ್ಟು ಗಾಢವಿಲ್ಲವೆನ್ನುತ್ತಾರೆ. ಗೊಣಗಾಟವೇ ಇಲ್ಲದ ಊರು ನಾಟಕದ ಪರದೆಯ ಮೇಲೆ ಮಾತ್ರ ಇರುತ್ತದೆ. ಅಭಿಪ್ರಾಯಗಳನ್ನು ನೋಡುವಾಗ ಐದು ನಕ್ಷತ್ರದವನ್ನು ಬಿಟ್ಟು ಎರಡು, ಮೂರು ನಕ್ಷತ್ರದವನ್ನು ಓದುವುದು ಲೇಸು. ಅದೂ ಆ ಅಂಗಡಿಯ ಪುಟದಲ್ಲಲ್ಲ, ಹೊರಗೆ ಹುಡುಕಿ ಓದಬೇಕು.

ಏಳನೆಯದು ಷರತ್ತು. ವಾಪಸು ಕೊಡುವ ಷರತ್ತಿನ ಪುಟವನ್ನು ಹುಡುಗಿಯೇ ಗಟ್ಟಿಯಾಗಿ ಓದಿದಳು. ನಡುವೆ ನಿಲ್ಲಿಸಿ, "ಮಾವ, ಇಲ್ಲಿ ಶೂ ಅಂತ ಉಂಟು!" ಎಂದಳು. ಬೇರಾವುದೋ ಚಪ್ಪಲಿ ಅಂಗಡಿಯ ಷರತ್ತುಗಳನ್ನು ಹಾಗೆಯೇ ನಕಲು ಮಾಡಿ ತಂದು, ಆ ಅಂಗಡಿಯ ಹೆಸರನ್ನು ಅಳಿಸುವುದಕ್ಕೂ ಪುರುಸೊತ್ತಿಲ್ಲದೆ ಹೋಗಿತ್ತು. ಪರೀಕ್ಷೆಯಲ್ಲಿ ಪಕ್ಕದವನ ಉತ್ತರದ ಜೊತೆಗೆ ಅವನ ರಿಜಿಸ್ಟರ್ ನಂಬರನ್ನೂ ಬರೆದಂತೆ!

ಎಂಟನೆಯದು ಹಣ ಕೊಡುವ ದಾರಿ. ಮನೆಗೆ ಬಂದಾಗ ಹಣ ಕೊಡುವ ಅನುಕೂಲ ಅಲ್ಲಿರಲಿಲ್ಲ. ಕಾರ್ಡಿಗೂ ಎಡೆಯಿರಲಿಲ್ಲ. ಒಬ್ಬ ವ್ಯಕ್ತಿಯ ಹೆಸರಿನ ಯು.ಪಿ.ಐ. ಖಾತೆಗೆ ಮುಂಗಡವಾಗಿ ಪೂರ್ತಿ ಹಣ ಕಳುಹಿಸಬೇಕು. ಅಂಗಡಿಯ ಹೆಸರೊಂದು, ಹಣ ಪಡೆಯುವವನ ಹೆಸರೊಂದು! ಇಲ್ಲಿ ಇನ್ನೊಂದು ಮಾತನ್ನೂ ಹೇಳಬೇಕು. ಮನೆಯಲ್ಲಿ ಹಣ ಕೊಟ್ಟು ಪಡೆಯುವುದು ಪೂರ್ಣ ಕ್ಷೇಮವೆಂದು ಹಲವರ ನಂಬಿಕೆ. ಸಾಮಾನ್ಯವಾಗಿ ಹಣ ಕೊಟ್ಟ ಮೇಲೆಯೇ ಪೆಟ್ಟಿಗೆ ನಮ್ಮ ಕೈಗೆ ಬರುವುದು. ತಂದ ಹುಡುಗನಿಗೆ ಒಳಗೇನಿದೆಯೆಂದು ಗೊತ್ತಿರುವುದಿಲ್ಲ, ಅವನನ್ನು ಗದರಿಸಿ ಫಲವಿಲ್ಲ. ಎದುರಿನಲ್ಲಿಯೇ ತೆರೆದು ತೋರಿಸಿ ಕೊಡುವ ವ್ಯವಸ್ಥೆ ಕೆಲವು ದೊಡ್ಡ ಅಂಗಡಿಗಳಲ್ಲಿ ಉಂಟು. ಇದ್ದರೆ ಅದನ್ನೇ ಆರಿಸಬೇಕು.

ಇಷ್ಟಾದ ಮೇಲೆ ತೀರ್ಪು ಹೇಳುವ ಕೆಲಸವನ್ನು ನಾವು ಮಾಡಲಿಲ್ಲ. ಹುಡುಗಿ ಫೋನನ್ನು ತಾನೇ ಆರಿಸಿ ತಾಯಿಯ ಕೈಗೆ ಕೊಟ್ಟಳು. "ಬೇಡ ಅಮ್ಮ" ಎಂದಳು. ಮುಖ ಸ್ವಲ್ಪ ಬಾಡಿತ್ತು. ಚಿನ್ನದ ಬಣ್ಣದ ಅಂಚಿನ ಆ ವಾಚು ನಿಜಕ್ಕೂ ಚೆಲುವಾಗಿತ್ತು. ಬಡವರ ಮಕ್ಕಳಿಗೆ ಚೆಲುವಾದ ವಸ್ತುವಿನ ಆಸೆ ಇರಬಾರದೆಂದು ಯಾರೂ ಹೇಳಲಾಗದು. ಮೋಸಗಾರರು ಬಲೆ ಬೀಸುವುದೂ ಆ ಆಸೆಯ ಹಾದಿಯಲ್ಲಿಯೇ. ಮುಂದಿನ ಶನಿವಾರ ತಾಯಿ ಮಗಳು ಕಾಸರಗೋಡಿನ ಪೇಟೆಗೆ ಹೋಗಿ ಹದಿಮೂರು ನೂರು ರೂಪಾಯಿಗೆ ಸಾದಾ ಕಪ್ಪು ಪಟ್ಟಿಯ ವಾಚೊಂದನ್ನು ಬಿಲ್ಲು ಸಮೇತ ತಂದರು. ಗ್ಯಾರಂಟಿ ಕಾರ್ಡಿನ ಮೇಲೆ ಅಂಗಡಿಯ ಸೀಲು, ತಾರೀಕು, ವಾಚಿನ ಬೆನ್ನಿನ ಮೇಲಿರುವ ಸಂಖ್ಯೆ ಮೂರೂ ಇರುವಂತೆ ಹುಡುಗಿಯೇ ಕೇಳಿ ಬರೆಸಿಕೊಂಡಳೆಂದು ತಂಗಿ ಹೆಮ್ಮೆಯಿಂದ ಹೇಳಿದಳು.

ಇದನ್ನೋದಿ ಜಾಲದ ಅಂಗಡಿಗಳೆಲ್ಲ ಕಳ್ಳರ ಸಂತೆಯೆಂದು ಯಾರೂ ತಿಳಿಯಬಾರದು. ಅದು ಅನ್ಯಾಯವಾಗುತ್ತದೆ. ನಮ್ಮ ಹಿರಿಯ ಮಿತ್ರರೊಬ್ಬರಿಗೆ ತಮ್ಮ ತಂದೆ ಕಟ್ಟುತ್ತಿದ್ದಂಥ ಹಳೆಯ ಎಚ್.ಎಂ.ಟಿ. ವಾಚು ಬೇಕೆಂದು ಆಸೆಯಾಯಿತು. ಎಚ್.ಎಂ.ಟಿ. ವಾಚಸ್ ಕಂಪೆನಿಯನ್ನು ಮುಚ್ಚಲು 2016ರಲ್ಲಿ ಕೇಂದ್ರ ಸರಕಾರ ತೀರ್ಮಾನಿಸಿದ ಮೇಲೆ ಹಳೆಯ ವಾಚುಗಳಿಗೆ ಬೇಡಿಕೆ ಏರಿ, ಅವುಗಳ ಹೆಸರಿನಲ್ಲಿ ಹೊಸ ಬಣ್ಣ ಬಳಿದವೂ, ನಾಲ್ಕು ವಾಚುಗಳ ಬಿಡಿಭಾಗ ಕೂಡಿಸಿದವೂ ಮಾರಾಟಕ್ಕೆ ಬರುತ್ತಿವೆ. ಮಿತ್ರರು ಕಂಡುಹಿಡಿದದ್ದು ಒಂದು ಸಣ್ಣ ಅಂಗಡಿ. ಅದರ ಪುಟ ನೋಡಲು ಚೆನ್ನಾಗಿರಲಿಲ್ಲ, ಇಂಗ್ಲಿಷಿನಲ್ಲಿ ತಪ್ಪುಗಳಿದ್ದವು. ಆದರೆ ಅಲ್ಲಿ ಪೂರ್ಣ ವಿಳಾಸವಿತ್ತು, ಫೋನು ಮಾಡಿದರೆ ಯಜಮಾನರೇ ಎತ್ತಿದರು. "ಡಯಲಿಗೆ ಬಣ್ಣ ಹೊಸದಾಗಿ ಹಾಕಿಸಿದ್ದು ಸಾರ್, ಮೊದಲಿನದಲ್ಲ. ಪಟ್ಟಿಯೂ ಬೇರೆ. ಕಂಪೆನಿಯ ಗ್ಯಾರಂಟಿ ಇಲ್ಲ, ನಾನು ಆರು ತಿಂಗಳು ನೋಡಿಕೊಳ್ಳುತ್ತೇನೆ" ಎಂದು ಕೇಳುವ ಮೊದಲೇ ಹೇಳಿದರು. ಮುಚ್ಚಳ ತೆಗೆದು ಒಳಗಿನ ಯಂತ್ರದ ಚಿತ್ರವನ್ನೂ ಕಳುಹಿಸಿದರು. ವಾಚು ಬಂತು, ಈಗಲೂ ಓಡುತ್ತಿದೆ. ತನ್ನ ಸರಕಿನ ಕುಂದನ್ನು ತಾನಾಗಿ ಹೇಳುವ ಅಂಗಡಿ ಪೇಟೆಯಲ್ಲಿರಲಿ, ಜಾಲದಲ್ಲಿರಲಿ, ನಂಬಿಕೆಗೆ ಹತ್ತಿರವಾದುದು.

ದೊಡ್ಡ ಹೆಸರಿನ ಜಾಲದಂಗಡಿಗಳ ಬಗೆಗೂ ಒಂದು ಮಾತು. ಅವುಗಳಲ್ಲಿ ಹಲವು ಸಂತೆಯ ಮೈದಾನವಿದ್ದಂತೆ. ಮೈದಾನ ಒಬ್ಬರದು, ಒಳಗೆ ಅಂಗಡಿ ಹೂಡಿದವರು ಸಾವಿರಾರು ಮಂದಿ. ವಾಚಿನ ಚಿತ್ರದ ಕೆಳಗೆ 'ಮಾರುವವರು' ಎಂದು ಸಣ್ಣಕ್ಷರದಲ್ಲಿ ಇನ್ನೊಂದು ಹೆಸರಿರುತ್ತದೆ. ಆ ಹೆಸರು ಕಂಪೆನಿಯ ಅಧಿಕೃತ ಮಾರಾಟಗಾರರ ಪಟ್ಟಿಯಲ್ಲಿದೆಯೇ ಎಂದು ನೋಡಬೇಕು. ವಿದೇಶದಿಂದ ಬೇರೆ ದಾರಿಯಲ್ಲಿ ತಂದ ವಾಚು ಅಸಲಿಯೇ ಆಗಿದ್ದರೂ ಇಲ್ಲಿಯ ಕಂಪೆನಿ ಅದರ ಗ್ಯಾರಂಟಿಯನ್ನು ಒಪ್ಪದೆ ಹೋಗಬಹುದು. ಡಯಲಿನ ಮಾತುಗಳಿಗೂ ಮರುಳಾಗಬಾರದು. 'ಜಪಾನ್ ಮೂವ್‌ಮೆಂಟ್' ಎಂದರೆ ಒಳಗಿನ ಯಂತ್ರ ಜಪಾನಿನದೆಂದಷ್ಟೆ, ವಾಚು ಜಪಾನಿನದೆಂದಲ್ಲ. 'ಸ್ವಿಸ್ ಮೇಡ್' ಎಂದು ಬರೆಯಬೇಕಾದರೆ 2017ರಿಂದ ತಯಾರಿಯ ವೆಚ್ಚದಲ್ಲಿ ನೂರಕ್ಕೆ ಅರವತ್ತಾದರೂ ಸ್ವಿಟ್ಜರ್‌ಲೆಂಡಿನಲ್ಲೇ ಆಗಿರಬೇಕೆಂದು ಆ ದೇಶದ ಕಾನೂನು. '30 ಮೀಟರ್' ಎಂದಿದ್ದರೆ ಕೈ ತೊಳೆಯುವಾಗಿನ ಹನಿಗೆ, ಸಣ್ಣ ಮಳೆಗೆ ತಡೆಯುತ್ತದೆಂದು ತಿಳಿಯಬೇಕು, ಹೊಳೆಯಲ್ಲಿ ಈಜುವುದಕ್ಕಲ್ಲ.

ಇನ್ನು, ಎಲ್ಲವನ್ನೂ ನೋಡಿ ಕೊಂಡ ಮೇಲೂ ಮೋಸವಾದರೆ? ಪೆಟ್ಟಿಗೆ ಬಂದಾಗ ಅದರ ಮೇಲಿನ ಚೀಟಿಯಿಂದ ಆರಂಭಿಸಿ ತೆರೆಯುವುದನ್ನು ಇನ್ನೊಬ್ಬರಿಂದ ವಿಡಿಯೊ ತೆಗೆಸಿಡಬೇಕು. ಬಿಲ್ಲು, ಹಣ ಕಳುಹಿಸಿದ ಗುರುತು, ಅಂಗಡಿಯ ಪುಟದ ಚಿತ್ರ ಇವನ್ನು ಅಳಿಸಬಾರದು. ಹಣ ಲಪಟಾಯಿಸಿದ್ದಾರೆಂದು ತಿಳಿದ ಕೂಡಲೇ 1930 ಎಂಬ ಸಂಖ್ಯೆಗೆ ಕರೆ ಮಾಡಬೇಕು, ಬ್ಯಾಂಕಿಗೂ ತಿಳಿಸಬೇಕು. ಅಲ್ಲಿಂದ ಸುದ್ದಿ ಹೋಗಿ, ಹಣ ಇನ್ನೂ ಮುಂದೆ ಸಾಗಿರದಿದ್ದರೆ ಅದನ್ನು ತಡೆಹಿಡಿಯುವ ಸಾಧ್ಯತೆ ಉಂಟು. ಗಂಟೆ ಕಳೆದಷ್ಟೂ ಆ ಸಾಧ್ಯತೆ ಕರಗುತ್ತದೆ. ವಾಚು ಕೆಟ್ಟದ್ದು ಬಂತು, ಅಂಗಡಿಯವರು ಕಿವಿಗೊಡುವುದಿಲ್ಲವೆಂದಾದರೆ 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಉಂಟು. ಅಲ್ಲಿ ಕನ್ನಡದಲ್ಲಿಯೂ ಹೇಳಿಕೊಳ್ಳಬಹುದು. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಅಂಗಡಿ ಯಾವ ಊರಿನಲ್ಲಿದ್ದರೂ ನಾವು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಕೊಡಲು 2019ರ ಕಾಯಿದೆ ಅವಕಾಶ ಮಾಡಿದೆ. ಕೊಟ್ಟ ಹಣ ಐದು ಲಕ್ಷ ರೂಪಾಯಿಯವರೆಗಿದ್ದರೆ ಶುಲ್ಕವಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ ನೆನಪಿಡಬೇಕಾದುದು ಇದು: ಹಣ ಪಡೆಯುವುದಕ್ಕೆ ಪಿನ್ ಬೇಕಾಗಿಲ್ಲ. ಪಿನ್ ಒತ್ತಿದೆವೆಂದರೆ ಹಣ ಕೊಟ್ಟೆವೆಂದೇ ಅರ್ಥ. ಈ ಒಂದು ಮಾತು ಗೊತ್ತಿದ್ದರೆ ಆ ಹುಡುಗನ ಅಡಿಕೆಯ ಹಣ ಉಳಿಯುತ್ತಿತ್ತು.

ಗಡಿನಾಡಿನ ನಮಗೆ ಈ ವಿಷಯದಲ್ಲಿ ಒಂದು ಹೆಚ್ಚಿನ ತೊಂದರೆಯೂ ಇದೆ. ಅಂಗಡಿಯ ಷರತ್ತು ಇಂಗ್ಲಿಷಿನಲ್ಲಿ, ಎಚ್ಚರಿಕೆಯ ಫಲಕ ಮಲೆಯಾಳದಲ್ಲಿ, ಫೋನಿನಲ್ಲಿ ಮೋಸಗಾರ ಆಡುವುದು ಹಿಂದಿಯಲ್ಲಿ. ನಮ್ಮ ತಾಯಂದಿರು, ಅಜ್ಜಅಜ್ಜಿಯಂದಿರು ಓದಬಲ್ಲದ್ದು ಕನ್ನಡ. ಈ ನಾಲ್ಕರ ನಡುವೆ ನಿಂತಿರುವವರು ನಮ್ಮ ಶಾಲೆಯ ಮಕ್ಕಳು. ಕನ್ನಡ ಮಾಧ್ಯಮದಲ್ಲಿ ಓದಿದರೆ ಏನು ಪ್ರಯೋಜನವೆಂದು ಕೇಳುವವರು ನಮ್ಮ ನಡುವೆಯೇ ಇದ್ದಾರೆ. ಇಂಗ್ಲಿಷಿನ ಷರತ್ತನ್ನು ಓದಿ, ಅದರ ತಿರುಳನ್ನು ಅಮ್ಮನಿಗೆ ಅವಳ ಮಾತಿನಲ್ಲಿ ಬಿಡಿಸಿ ಹೇಳಬಲ್ಲ ಮಗುವಿನ ಮನೆಯವರು ಆ ಪ್ರಶ್ನೆ ಕೇಳಲಿಕ್ಕಿಲ್ಲ.

ಮಕ್ಕಳೇ, ಮನೆಯ ಹಿರಿಯರು ಫೋನು ಚಾಚಿದಾಗ "ನಿಮಗೆ ಗೊತ್ತಾಗುವುದಿಲ್ಲ" ಎಂದು ತಳ್ಳದೆ ಪಕ್ಕದಲ್ಲಿ ಕುಳಿತು ಓದಿ ಹೇಳಿ. ತಂದೆತಾಯಂದಿರೇ, ಮಕ್ಕಳು ಮೋಸಹೋಗಿ ಬಂದಾಗ ಮೊದಲು ಬೈಯಬೇಡಿ, ಮೊದಲು 1930ಕ್ಕೆ ಕರೆ ಮಾಡಿ. ಬೈಯುವುದಕ್ಕೆ ಸಂಜೆಯವರೆಗೆ ಸಮಯವಿದೆ. ಬೈಗುಳದ ಹೆದರಿಕೆಯಿಂದ ಮುಚ್ಚಿಟ್ಟ ಎರಡು ವಾರಗಳಲ್ಲಿ ಒಂದು ಮನೆ ಒಂಬತ್ತು ಸಾವಿರ ರೂಪಾಯಿಯನ್ನು ಮರಳಿ ಪಡೆಯುವ ಆಸೆಯನ್ನೂ ಕಳೆದುಕೊಂಡಿತು. ಆ ಹುಡುಗ ಅಪ್ಪನ ಮುಖ ನೋಡಿ ಮಾತನಾಡಲು ಇನ್ನೂ ಹೆಚ್ಚು ಕಾಲ ಹಿಡಿಯಿತು. ಆ ಮನೆಯ ಸಂಗತಿ ಇನ್ನೊಂದು ಮನೆಯಲ್ಲಿ ಆಗದಿರಲೆಂದು ಹಾರೈಸಿ, ಈ ಬರಹವನ್ನು ಇಲ್ಲಿಗೆ ಮುಗಿಸುತ್ತೇವೆ.